ಮೈಲ್ಸ್ ಅದಾವ, ಐದು ಸೀಟ್ ಸಿಗವಲ್ವು

ಹೋದ ಸಂಚಿಕ್ಯಾಗ ಕ್ರೆಡಿಟ್ ಕಾರ್ಡ್ ಪಾಯಿಂಟ್ ಬಗ್ಗೆ ಒಬ್ರು ಕೇಳಿದ್ದಕ್ಕ ಉತ್ತರ ಬರ್ದಿದ್ದೆ, ಅದರಾಗ ವಿಮಾನದ ಮೈಲ್ಸ್, ಅಂದ್ರ ಹಾರಿದ್ದಕ್ಕ ಏರ್‌ಲೈನ್ ಕೊಡೂ ಪಾಯಿಂಟ್, ಕೂಡಿದ್ರ ಅವುಗಳಿಂದ ಟಿಕೆಟ್ ತಗೀಬಹುದು, ಕಾರ್ಡಿನ ಪಾಯಿಂಟನ್ನೂ ಮೈಲ್ಸ್ ಮಾಡ್ಕೋಬಹುದು ಅಂತ ಒಂದ ಒಂದು ಸಾಲು ಬಂದಿತ್ತು, ಅಷ್ಟಕ್ಕ ಈ ತಿಂಗಳ ಬಂದ ಪತ್ರ ಎಲ್ಲಾ ಅದರ ಮ್ಯಾಲನ ಅದಾವ್ರಿ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಈಗ ಮನಿಗೊಬ್ರು ಹೊರದೇಶದಾಗ ಅದಾರ, ಅವ್ವ ಅಪ್ಪ ಬಾಣಂತನಕ್ಕ ಹೋಗ್ತಾರ, ಸೂಟಿಗೆ ಮೊಮ್ಮಕ್ಕಳು ಬರ್ತಾರ, ಹಿಂಗಾಗಿ ಇದು ಈಗ ಬರೇ ಸಾಹೇಬ್ರ ಮಾತಾಗಿ ಉಳಿದಿಲ್ಲ. ಹೆಸರು ಹಾಕಬ್ಯಾಡ್ರಿ ಅಂತ ಭಾಳ ಮಂದಿ ಬರ್ದಾರ, ಅದಕ್ಕ ಊರಷ್ಟ ಹಾಕೀನಿ.

ಪ್ರಶ್ನೆ: ನಾವು ಐದು ಮಂದಿ, ನಾನು, ಮನೆಯವರು, ಎರಡು ಹುಡುಗರು, ನಮ್ಮತ್ತಿ. ಅಮೆರಿಕಾದಾಗ ಇರೋ ನಾದಿನಿ ಮನಿಗೆ ಒಮ್ಮೆ ಹೋಗಿ ಬಂದೀವ್ರಿ. ಎಲ್ಲಾರ ಹೆಸರಿಲೆ ಮೈಲ್ಸ್ ಕುಂತಾವ, ಆದ್ರ ಯಾರ ಅಕೌಂಟ್‌ನ್ಯಾಗ ನೋಡಿದ್ರೂ ಒಂದ ಒಂದು ಟಿಕೆಟ್‌ಗೂ ಸಾಲೂದಿಲ್ಲ. ಇವನ್ನ ಕೂಡಸಾಕ ಬರ್ತದೇನ್ರಿ ಅಕ್ಕಾರ? — ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಮೊದ್ಲ ನಂದೊಂದು ಹೇಳ್ತೀನಿ ತಂಗಿ. ನಾವೂ ಐದು ಮಂದಿ ಹಿಂಗ ಹೋಗಿ ಬಂದಿದ್ವಿ, ಐದು ಅಕೌಂಟು, ಐದು ಪಾಸ್‌ವರ್ಡು, ಮುಂದಿನ ಸಲ ನೋಡೂಣು ಬಿಡು ಅಂತ ಹಂಗ ಬಿಟ್ವಿ. ಮೂರು ವರ್ಷ ಆದ ಮ್ಯಾಲ ತಗದು ನೋಡಿದ್ರ ಎಲ್ಲಾ ಸೊನ್ನಿ. ಆ ಏರ್‌ಲೈನ್‌ನವರಿಗೆ ಎರಡು ಸಲ ಫೋನ್ ಹಚ್ಚಿದೆ, ಅವಧಿ ಮುಗದೈತ್ರಿ ಅಂದ್ರು, ಮುಗೀತು. ನಮ್ಮತ್ತಿ ಮೊಣಕಾಲು ಹಿಡ್ಕೊಂಡು ಅಷ್ಟು ತಾಸು ಕುಂತು ಗಳಿಸಿದ್ದು ಹಂಗ ಹೋಯ್ತಲ್ಲ ಅಂತ ನನಗ ಇನ್ನೂ ಹೊಟ್ಟಿ ಉರೀತೈತಿ, ಅದಕ್ಕ ಈ ಉತ್ತರ ಉದ್ದ ಆದ್ರೂ ಅಡ್ಡಿ ಇಲ್ಲ ಅಂತ ಬರೀಲಿಕತ್ತೀನಿ.

ಕೂಡಸಾಕ ಬರ್ತದ, ಆದ್ರ ಎಲ್ಲಾ ಕಂಪನ್ಯಾಗೂ ಒಂದ ನಮೂನಿ ಇಲ್ಲ. ಎಮಿರೇಟ್ಸ್‌ದಾಗ ಮೈ ಫ್ಯಾಮಿಲಿ ಅಂತ ಐತಿ, ಎಂಟು ಮಂದಿ ತನಕ ಒಂದ ಖಾತಿಗೆ ಸೇರ್ಸಬಹುದು, ಆದ್ರ ಸೇರಿದ ಮ್ಯಾಲ ಹಾರಿದ್ದಷ್ಟ ಅದಕ್ಕ ಬೀಳ್ತಾವ, ಮೊದ್ಲಿನ ಹಳೇ ಮೈಲ್ಸ್ ಅವರವರ ಅಕೌಂಟ್‌ನ್ಯಾಗ ಹಂಗ ಉಳೀತಾವ. ಅಂದ್ರ ಹೋಗೋಕಿಂತ ಮೊದ್ಲ ಖಾತಿ ಮಾಡಬೇಕು, ಬಂದ ಮ್ಯಾಲ ಅಲ್ಲ. ಬ್ರಿಟಿಷ್ ಏರ್‌ವೇಸ್‌ನ ಹೌಸ್‌ಹೋಲ್ಡ್ ಅಕೌಂಟ್ ಬ್ಯಾರೇ ತರಾ, ಅಲ್ಲಿ ಎಲ್ಲಾರ ಕಡೆ ಇದ್ದ ಹಳೇ ಏವಿಯೋಸ್ (ಅವರ ಮೈಲ್ಸ್‌ಗೆ ಇದ ಹೆಸರು) ಸುದ್ದಾ ಒಂದ ಗಂಟಾಗ್ತಾವ. ಯುನೈಟೆಡ್‌ನವರು 2024ರಾಗ ಪೂಲಿಂಗ್, ಅಂದ್ರ ಎಲ್ಲಾರ ಮೈಲ್ಸ್ ಕೂಡ್ಸೂದು, ಶುರು ಮಾಡ್ಯಾರ, ಐದು ಮಂದಿ ತನಕ, ನಿಮ್ಮ ಮನಿಗೆ ಬರೋಬ್ಬರಿ. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಸ್ಕೀಮ್‌ದಾಗ ಕೂಡ್ಸೂದು ಇಲ್ಲ, ಆದ್ರ ಒಬ್ಬರ ಮೈಲ್ಸ್‌ನಿಂದ ಇನ್ನೊಬ್ಬರಿಗೆ ಟಿಕೆಟ್ ತಗಸಾಕ ಐದು ಜನರ ಹೆಸರು ನಾಮಿನಿ ಅಂತ ಕೊಡಬಹುದು. ಹಂಗಂದ್ರ ಅಲ್ಲಿ ಕಾರ್ಡ್ ಪಾಯಿಂಟ್ ಎಲ್ಲಾ ಒಬ್ಬರ ಅಕೌಂಟ್‌ಗೇ ಹಾಕ್ಕೋಂತ ಹೋಗೂದು ಶಾಣ್ಯಾತನ.

ಅವಧಿ ನೋಡ್ಕೋರಿ. ಕ್ರಿಸ್‌ಫ್ಲೈಯರ್ ಮೈಲ್ಸ್ 36 ತಿಂಗಳಿಗೆ ಹೋಗ್ತಾವ, ನೀವು ಮತ್ತ ಹಾರಿದ್ರೂ ಹೋಗ್ತಾವ. ಎಮಿರೇಟ್ಸ್‌ದು ಮೂರು ವರ್ಷ, ಅದೂ ನೀವು ಹುಟ್ಟಿದ ತಿಂಗಳ ಕೊನಿಗೆ ಮುಗೀತದ. ಏವಿಯೋಸ್ ಆದ್ರ 36 ತಿಂಗಳೊಳಗ ಅಕೌಂಟ್‌ನ್ಯಾಗ ಏನರೆ ಒಂದು ಬಂದ್ರ ಇಲ್ಲಾ ಹೋದ್ರ ಸಾಕು, ಎಲ್ಲಾ ಜೀವ ಹಿಡ್ಕೊಂಡಿರ್ತಾವ. ಯುನೈಟೆಡ್, ಡೆಲ್ಟಾದವಕ್ಕ ಅವಧಿ ಅನ್ನೂದ ಇಲ್ಲ.

ಆದ್ರ ಅವಧಿ ಇಲ್ಲ ಅಂತ ಬಂಗಾರದಂಗ ಇಟ್ಕೊಂಡು ಕುಂದರಬ್ಯಾಡ್ರಿ. ಬಂಗಾರದ ರೇಟ್ ಏರ್ತದ, ಮೈಲ್ಸ್‌ದು ಇಳೀತದ. 1981ರ ಮೇ 1ಕ್ಕ ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಸ್ಕೀಮ್ ತಗದಾಗ ಮೈಲ್ ಅಂದ್ರ ಖರೇನ ನೀವು ಹಾರಿದ ದೂರ ಇತ್ತು. 2015ರಾಗ ಡೆಲ್ಟಾ, ಯುನೈಟೆಡ್ ಎರಡೂ ಟಿಕೆಟ್‌ಗೆ ಕೊಟ್ಟ ರೊಕ್ಕದ ಮ್ಯಾಲ ಮೈಲ್ಸ್ ಕೊಡಾಕ ಹತ್ತಿದ್ರು, 2023ರಾಗ ಬ್ರಿಟಿಷ್ ಏರ್‌ವೇಸೂ ಅದ ದಾರಿ ಹಿಡೀತು. ಅಷ್ಟ ದೂರ ಹೋಗಿ ಬಂದ್ರೂ ನಿಮಗ ಕಡಿಮಿ ಬಿದ್ದಿದ್ರ ಅದಕ್ಕ ಇದ ಕಾರಣ ಇರಬೇಕು, ಸೋವಿ ಟಿಕೆಟ್ ತಗೊಂಡ್ರ ಮೈಲ್ಸೂ ಸೋವಿ.

ಈಗ ನೀವು ಮಾಡೂದು ಏನಂದ್ರ, ಐದು ಮಂದಿದೂ ನಂಬರ್ ಒಂದು ಹಾಳ್ಯಾಗ ಬರ್ಕೋರಿ, ಯಾವ ಕಂಪನಿ, ಎಷ್ಟದಾವ, ಯಾವತ್ತ ಮುಗೀತಾವ. ಆಮ್ಯಾಲ ಮುಂದಿನ ಪ್ರಯಾಣಕ್ಕ ಒಂದ ಕಂಪನಿ ಇಲ್ಲಾ ಒಂದ ಗುಂಪು ಹಿಡೀರಿ. ಗುಂಪು ಅಂದ್ರ ಅಲಯನ್ಸ್, ಏರ್‌ಲೈನ್‌ಗಳು ತಮ್ಮೊಳಗ ಮಾಡ್ಕೊಂಡ ಕೂಟ. ಏರ್ ಇಂಡಿಯಾ 2014ರ ಜುಲೈದಿಂದ ಸ್ಟಾರ್ ಅಲಯನ್ಸ್‌ನ್ಯಾಗ ಐತಿ, ಲುಫ್ತಾನ್ಸಾ, ಯುನೈಟೆಡ್, ಸಿಂಗಾಪುರ್, ಟರ್ಕಿಶ್ ಎಲ್ಲಾ ಅದರೊಳಗ. ಬ್ರಿಟಿಷ್ ಏರ್‌ವೇಸ್, ಕತಾರ್ ಒನ್‌ವರ್ಲ್ಡ್‌ದಾಗ. ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ ಸ್ಕೈಟೀಮ್‌ದಾಗ. ಎಮಿರೇಟ್ಸ್, ಎತಿಹಾದ್ ಯಾವ ಅಲಯನ್ಸ್‌ನ್ಯಾಗೂ ಇಲ್ಲ. ಒಂದ ಗುಂಪಿನೊಳಗ ಯಾವ ವಿಮಾನ ಹತ್ತಿದ್ರೂ ನಂಬರ್ ಒಂದ ಕೊಡ್ಕೋಂತ ಹೋದ್ರ ಮೈಲ್ಸ್ ಒಂದ ಕಡೆ ಬೀಳ್ತಾವ, ಈ ಸಲ ಲುಫ್ತಾನ್ಸಾಕ್ಕ ಒಂದು ಅಕೌಂಟು, ಮುಂದಿನ ಸಲ ಯುನೈಟೆಡ್‌ಗೆ ಇನ್ನೊಂದು ಅಂತ ಮಾಡೂ ಕಾರಣ ಇಲ್ಲ. ಹುಡುಗರಿಗೆ ಎರಡು ವರ್ಷ ಆಗಿ ಅವರದ ಸೀಟ್ ತಗೊಂಡ್ರ ಅವರಿಗೂ ಮೈಲ್ಸ್ ಬರ್ತಾವ, ಅವರ ಹೆಸರಿಲೂ ಅಕೌಂಟ್ ತಗೀರಿ.

ಪ್ರಶ್ನೆ: ಕಾರ್ಡ್‌ನ್ಯಾಗ 2 ಲಕ್ಷದ ಹತ್ರ ಪಾಯಿಂಟ್ ಕೂಡ್ಯಾವ. ಮೇ ಸೂಟಿಗೆ ಲಂಡನ್ನಿಗೆ ಹೋಗೂಣಂತ ನೋಡಿದ್ರ ನಾಕು ಸೀಟ್ ಒಮ್ಮೆಲೆ ಎಲ್ಲೂ ತೋರಸವಲ್ದು. ಮೊದ್ಲ ಪಾಯಿಂಟ್ ಎಲ್ಲಾ ಏರ್‌ಲೈನ್‌ಗೆ ಟ್ರಾನ್ಸ್‌ಫರ್ ಮಾಡಿ ಇಟ್ಕೊಳ್ಳೇನು, ಸೀಟ್ ಆಮ್ಯಾಲ ನೋಡಿದ್ರ ಆತು? — ಟಿಳಕವಾಡಿ, ಬೆಳಗಾವಿ

ಉತ್ತರ: ಬ್ಯಾಡ್ರೀ ಅಣ್ಣಾರ, ದಯಮಾಡಿ ಬ್ಯಾಡ್ರಿ. ಕಾರ್ಡಿನ ಪಾಯಿಂಟ್ ಏರ್‌ಲೈನ್‌ಗೆ ಹೋಗಾಕ ದಾರಿ ಐತಿ, ಹೊಳ್ಳಿ ಬರಾಕ ಇಲ್ಲ. ಕಾರ್ಡ್‌ನ್ಯಾಗ ಇರೋ ತನಕ ನಿಮ್ಮ ಕೈಯಾಗ ಹತ್ತು ಬಾಗಲಾ ತೆರದಿರ್ತಾವ, ಒಂದ್ಸಲ ಕಳಿಸಿದ್ರಿ ಅಂದ್ರ ಒಂದ ಬಾಗಲಾ. ಸೀಟ್ ಕಣ್ಣಿಲೆ ಕಂಡ ಮ್ಯಾಲ ಕಳಸ್ರಿ. ಕೆಲವು ಟ್ರಾನ್ಸ್‌ಫರ್ ಅವಾಗಿಂದವಾಗ ಆಗ್ತಾವ, ಕೆಲವಕ್ಕ ದಿನಗಟ್ಟಲೆ ಬೇಕು, ನಿಮ್ಮ ಬ್ಯಾಂಕಿಂದು ಎಷ್ಟು ದಿನ ತಗೋತದ ಅಂತ ಒಂದು ಸಣ್ಣ ಗಂಟು ಕಳಿಸಿ ಮೊದ್ಲ ನೋಡ್ಕೋರಿ.

ಇನ್ನ ಸೀಟ್ ವಿಷಯ. ಕುಟುಂಬದ ಮಂದಿಗೆ ಮೈಲ್ಸ್ ಸಾಲದ ಆಗೂ ತ್ರಾಸಕ್ಕಿಂತ ಸೀಟ್ ಸಿಗದ ಆಗೂ ತ್ರಾಸು ದೊಡ್ಡದು. ವಿಮಾನದಾಗ ಮುನ್ನೂರು ಸೀಟ್ ಇದ್ರೂ ಮೈಲ್ಸ್‌ಗೆ ಅಂತ ತಗದಿಡೂದು ಒಂದು ಹಿಡಿಯಷ್ಟ, ಅದರಾಗ ನಮ್ಮ ಸಾಲಿ ಸೂಟಿ ಇರೂದು ಏಪ್ರಿಲ್ ಮೇದಾಗ, ಬೆಂಗಳೂರಿನವರೂ ಮುಂಬೈಯವರೂ ಆ ವಾರಕ್ಕ ಮುಗಿಬಿದ್ದಿರ್ತಾರ. ಬ್ರಿಟಿಷ್ ಏರ್‌ವೇಸ್, ಸಿಂಗಾಪುರ್ ಎರಡೂ 355 ದಿನ ಮೊದ್ಲ ಸೀಟ್ ತಗೀತಾವ. ಅಂದ್ರ ಬರೋ ವರ್ಷದ ಮೇ ತಿಂಗಳಿಗೆ ಈ ವರ್ಷ ಮೇದಾಗನ ಕುಂದರಬೇಕು, ಮಕ್ಕಳ ಸೂಟಿ ತಾರೀಖು ಸಾಲ್ಯಾಗ ಇನ್ನೂ ಹೇಳಿರೂದಿಲ್ಲ, ಅಂದಾಜಿನ ಮ್ಯಾಲ ಹಿಡೀಬೇಕು. ಮೈಲ್ಸ್ ಟಿಕೆಟ್ ರದ್ದು ಮಾಡಿದ್ರ ಬಹಳ ಕಡೆ ಒಂದಿಷ್ಟು ಫೀ ಹಿಡ್ಕೊಂಡು ಮೈಲ್ಸ್ ಹೊಳ್ಳಿ ಕೊಡ್ತಾರ, ಆ ಫೀ ಎಷ್ಟಂತ ನೋಡ್ಕೊಂಡು ಧೈರ್ಯ ಮಾಡ್ರಿ.

ಹುಡುಕೋದ್ರಾಗೂ ಒಂದು ಯುಕ್ತಿ ಐತಿ. ನಾಕು ಮಂದಿ ಅಂತ ಹಾಕಿದ್ರ ಕಂಪ್ಯೂಟರ್ ನಾಕೂ ಒಂದ ರೇಟಿನ್ಯಾಗ ಇದ್ರಷ್ಟ ತೋರಿಸ್ತದ, ಮೂರು ಸೋವಿ ಸೀಟ್ ಇದ್ದು ನಾಕನೇದು ಇಲ್ಲಂದ್ರ ಏನೂ ಇಲ್ಲ ಅಂತದ, ಇಲ್ಲಾ ನಾಕಕ್ಕೂ ದುಬಾರಿ ರೇಟ್ ಹಚ್ತದ. ಅದಕ್ಕ ಮೊದ್ಲ ಒಬ್ಬರಿಗೆ ಹುಡುಕ್ರಿ, ಆಮ್ಯಾಲ ಇಬ್ಬರಿಗೆ, ಆಮ್ಯಾಲ ಮೂವರಿಗೆ, ಎಲ್ಲಿ ನಿಂತ್ಕೋತದ ಅಂತ ನಿಮಗ ಗೊತ್ತಾಗ್ತದ. ಇಬ್ಬರಿಗೆ ಸಿಕ್ರ ಇಬ್ಬರಿಗೆ ಮೈಲ್ಸ್, ಇನ್ನಿಬ್ಬರಿಗೆ ಅದ ವಿಮಾನದಾಗ ರೊಕ್ಕ ಕೊಟ್ಟು ತಗೋರಿ. ಹಂಗ ಎರಡು ಪಿಎನ್ಆರ್ ಆದಾಗ ಒಂದೊಂದರಾಗೂ ಒಬ್ಬ ದೊಡ್ಡವರು ಇರೂ ಹಂಗ ಹಂಚ್ಕೋರಿ, ಸಣ್ಣ ಹುಡುಗರನ್ನಷ್ಟ ಒಂದು ಬುಕಿಂಗ್‌ನ್ಯಾಗ ಹಾಕಾಕ ಬಿಡೂದಿಲ್ಲ. ಬುಕ್ ಆದ ಮ್ಯಾಲ ಏರ್‌ಲೈನ್‌ಗೆ ಫೋನ್ ಮಾಡಿ ಇವೆರಡೂ ಒಂದ ಮನೆತನ ಅಂತ ಎರಡೂ ಪಿಎನ್ಆರ್‌ನ್ಯಾಗ ಬರಸ್ರಿ, ವಿಮಾನ ರದ್ದಾಗಿ ಬ್ಯಾರೇದಕ್ಕ ಹಾಕೂ ಮುಂದ ತಾಯಿ ಒಂದ್ಕಡೆ ಮಕ್ಕಳು ಒಂದ್ಕಡೆ ಆಗಬಾರ್ದು.

ಮತ್ತ ಬರೇ ಬೆಂಗಳೂರಿಂದ ನೋಡಬ್ಯಾಡ್ರಿ, ಮುಂಬೈಯಿಂದಲೂ ನೋಡ್ರಿ. ಬೆಳಗಾವಿಯವರಿಗೆ ಎರಡೂ ರಾತ್ರಿ ಪ್ರಯಾಣದ ದೂರನ ಹೌದಲ್ರಿ. ಹೋಗೂದು ಮುಂಬೈಯಿಂದ ಬರೂದು ಬೆಂಗಳೂರಿಗೆ ಅಂದ್ರೂ ನಡೀತದ, ಮೈಲ್ಸ್ ಟಿಕೆಟ್ ಬಹಳ ಕಂಪನ್ಯಾಗ ಒಂದೊಂದ ದಾರಿ ಬ್ಯಾರೆ ಬ್ಯಾರೆ ತಗೀಬಹುದು.

ಪ್ರಶ್ನೆ: ಮೈಲ್ಸ್‌ದಾಗ ಟಿಕೆಟ್ ಫ್ರೀ ಅಂತ ಹೇಳ್ತಾರ, ನಾ ನೋಡಿದ್ರ ಒಬ್ಬೊಬ್ಬರಿಗೆ 28 ಸಾವಿರ ರೂಪಾಯಿ ಮ್ಯಾಲ ಕೇಳ್ಲಿಕತ್ತದ. ಇದೇನು ಮೋಸ ಅದ ಏನ್ರಿ? ಒಂದೂವರಿ ವರ್ಷದ ಮಗಳೂ ಇದ್ದಾಳ, ಆಕಿಗೂ ಮೈಲ್ಸ್ ಬೇಕೇನು? — ವಿಜಯಪುರ

ಉತ್ತರ: ಮೋಸ ಅಲ್ಲ, ಆದ್ರ ಫ್ರೀ ಅನ್ನೂ ಮಾತೂ ಬರೋಬ್ಬರಿ ಅಲ್ಲ. ಮೈಲ್ಸ್ ಬರೇ ಮೂಲ ಟಿಕೆಟ್‌ದ ರೇಟಿಗೆ ಆಗ್ತಾವ. ವಿಮಾನ ನಿಲ್ದಾಣದ ಫೀ, ಸರ್ಕಾರದ ತೆರಿಗಿ, ಅದರ ಮ್ಯಾಲ ಏರ್‌ಲೈನ್ ತಾನ ಹಾಕೂ ಫ್ಯೂಯಲ್ ಸರ್ಚಾರ್ಜು (ಇಂಧನಕ್ಕಂತ ಹಾಕೂ ಹೆಚ್ಚಿನ ರೊಕ್ಕ), ಇವಕ್ಕೆಲ್ಲಾ ರೊಕ್ಕನ ಕೊಡಬೇಕು. ಸರ್ಚಾರ್ಜ್ ಒಂದೊಂದು ಕಂಪನ್ಯಾಗ ಒಂದೊಂದು ನಮೂನಿ, ಅದಕ್ಕ ಅದ ಊರಿಗೆ ಎರಡು ಮೂರು ಕಂಪನಿ ನೋಡಬೇಕು. ಲಂಡನ್ ಮ್ಯಾಲ ಹಾಯ್ದು ಹೋಗೂ ಮಂದಿ ಇದೊಂದು ನೆಪ್ಪಿಡ್ರಿ, ಅಲ್ಲಿ 24 ತಾಸು ದಾಟಿ ನಿಂತ್ರ ಮುಂದ ಹೊಂಡೂ ಟಿಕೆಟ್‌ಗೆ ಏರ್ ಪ್ಯಾಸೆಂಜರ್ ಡ್ಯೂಟಿ ಅನ್ನೂ ಬ್ರಿಟನ್ ಸರ್ಕಾರದ ತೆರಿಗಿ ಬೀಳ್ತದ, ಮೈಲ್ಸ್ ಟಿಕೆಟ್ ಆದ್ರೂ ಬಿಡೂದಿಲ್ಲ. ಎಕಾನಮ್ಯಾಗ ಕುಂತ 16 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಅದು ಮಾಫಿ.

ಕೊಡಬೇಕೋ ಬ್ಯಾಡೋ ಅನ್ನೂದಕ್ಕ ನಾ ಒಂದು ಲೆಕ್ಕ ಮಾಡ್ತೀನಿ. ತಿಳ್ಕೋರಿ, ರೊಕ್ಕ ಕೊಟ್ಟು ತಗೊಂಡ್ರ ಟಿಕೆಟ್ 95 ಸಾವಿರ, ಮೈಲ್ಸ್‌ದಾಗ ಆದ್ರ 45 ಸಾವಿರ ಮೈಲ್ಸ್ ಮತ್ತ ನಿಮ್ಮ 28 ಸಾವಿರ ರೂಪಾಯಿ. 95ರಾಗ 28 ತಗದ್ರ 67 ಸಾವಿರ ಉಳೀತು, ಅದನ್ನ 45 ಸಾವಿರದಿಂದ ಭಾಗಿಸಿದ್ರ ಒಂದು ಮೈಲ್‌ಗೆ ಒಂದೂವರಿ ರೂಪಾಯಿ ಹತ್ರ ಬಂತು. ಚಲೋ, ತಗೋರಿ. ಅದ ಟಿಕೆಟ್ ಆಫರ್‌ದಾಗ 62 ಸಾವಿರಕ್ಕ ಸಿಗ್ತಿದ್ರ ಮೈಲ್‌ಗೆ ಬರೂದು 75 ಪೈಸಾ. ಅವಾಗ ರೊಕ್ಕ ಕೊಟ್ಟು ಹೋಗ್ರಿ, ಹೋದದ್ದಕ್ಕ ಮತ್ತ ಮೈಲ್ಸೂ ಬರ್ತಾವ, ಇದ್ದ ಮೈಲ್ಸೂ ಉಳೀತಾವ. ಒಂದು ರೂಪಾಯಿಗಿಂತ ಕೆಳಗ ಬಂದ್ರ ನಾ ಮುಟ್ಟೂದಿಲ್ಲ, ಇದು ನನ್ನ ಲೆಕ್ಕ, ಮೈಲ್ಸ್ ಮುಗದು ಹೋಗೂ ತಾರೀಖು ಹತ್ರ ಬಂದಿತ್ತಂದ್ರ ಮಾತು ಬ್ಯಾರೆ.

ಇನ್ನ ಮಗಳು. ಎರಡು ವರ್ಷದೊಳಗಿನ ಕೂಸು ತೊಡಿಮ್ಯಾಲ ಕುಂತ್ರ ಸೀಟ್ ಬೇಕಿಲ್ಲ, ಆದ್ರ ಟಿಕೆಟ್ ಬೇಕು. ಸಾಮಾನ್ಯ ದೊಡ್ಡವರ ರೇಟಿನ ಹತ್ತನೇ ಒಂದು ಭಾಗ ತಗೋತಾರ, ಕೆಲವ್ರು ಅದನ್ನ ಮೈಲ್ಸ್‌ದಾಗ ತಗೋತಾರ, ಕೆಲವ್ರು ರೊಕ್ಕದಾಗ. ಬಿಜಿನೆಸ್ ಕ್ಲಾಸ್‌ನ್ಯಾಗ ಹೊಂಟಿದ್ರ ರೊಕ್ಕದಾಗ ಕೇಳೂ ಹತ್ತನೇ ಒಂದು ಭಾಗನ ಭಾಳ ದೊಡ್ಡದಾಗ್ತದ, ಮೊದ್ಲ ಕೇಳ್ಕೋರಿ. ನಿಮ್ಮ ಕೂಸಿಗೆ ಒಂದೂವರಿ ವರ್ಷ ಅಂದ್ರಿ, ಅಲ್ಲಿ ಆರು ತಿಂಗಳ ಇದ್ದು ಬರೂದಿದ್ರ ಬರೂ ಮುಂದ ಎರಡು ತುಂಬಿರ್ತದ, ಆ ದಾರಿಗೆ ಆಕಿಗೂ ಪೂರಾ ಸೀಟ್ ತಗೀಬೇಕು. ಹುಟ್ಟಿದ ತಾರೀಖು ಎದುರಿಗಿಟ್ಕೊಂಡನ ಬುಕ್ ಮಾಡ್ರಿ.

ಪ್ರಶ್ನೆ: ವಿಸ್ತಾರಾದಾಗ ಇದ್ದ ಪಾಯಿಂಟ್ ಎಲ್ಲಿ ಹೋದ್ವು? — ಜಮಖಂಡಿ

ಉತ್ತರ: ವಿಸ್ತಾರಾ 2024ರ ನವೆಂಬರ್ 12ಕ್ಕ ಏರ್ ಇಂಡಿಯಾದಾಗ ಕೂಡೇತಿ, ಕ್ಲಬ್ ವಿಸ್ತಾರಾ ಪಾಯಿಂಟ್ ಏರ್ ಇಂಡಿಯಾದ ಮೈಲ್ಸ್ ಸ್ಕೀಮ್ ಮಹಾರಾಜಾ ಕ್ಲಬ್‌ಗೆ ಬಂದಾವ. ಹಳೇ ಇಮೇಲ್ ಹಾಕಿ ಲಾಗಿನ್ ಆಗಿ ನೋಡ್ರಿ. ನಿಮಗ ಎರಡರಾಗೂ ಅಕೌಂಟ್ ಇದ್ವು ಅಂದ್ರ ಹೆಸರು, ಹುಟ್ಟಿದ ತಾರೀಖು ಒಂದ ತರಾ ಅದಾವೇನು ನೋಡಿ ಅವರಿಗೆ ಬರೀರಿ.

ಪ್ರಶ್ನೆ: ಮಗ ಸೊಸಿ ಅಮೆರಿಕಾದಾಗ ಅದಾರ. ಬಾಣಂತನಕ್ಕ ನಾನು ಇವರು ಇಬ್ಬರೂ ಹೋಗಬೇಕು, ಮಗ ತನ್ನ ಪಾಯಿಂಟ್‌ನ್ಯಾಗ ಟಿಕೆಟ್ ತಗೀತೀನಿ ಅಂತಾನ. ನಾವು ಎಂದೂ ವಿಮಾನ ಹತ್ತಿದವರಲ್ಲ. ಪಾಯಿಂಟ್ ಟಿಕೆಟ್ ಅಂದ್ರ ಅಲ್ಲಿ ನಮ್ಮನ್ನ ಕಡಿಮಿ ನೋಡ್ತಾರೇನ್ರಿ? ಗೋಕಾಕದಿಂದ ಹೊಂಡೂದು ಹೆಂಗ? — ಗೋಕಾಕ

ಉತ್ತರ: ಇಲ್ಲ ಅವ್ವಾರ, ಒಂದಿಷ್ಟೂ ಕಡಿಮಿ ನೋಡೂದಿಲ್ಲ. ಅದ ಸೀಟು, ಅದ ಊಟ, ಅದ ವ್ಹೀಲ್‌ಚೇರ್. ನಿಮ್ಮ ಪತ್ರ ಓದಿ ನನಗ ಭಾಳ ಸಂತೋಷ ಆತು, ಮಗ ಕೂಡಿಸಿಟ್ಟ ಪಾಯಿಂಟ್ ಅವ್ವ ಅಪ್ಪಗ ಖರ್ಚು ಮಾಡ್ಲಿಕತ್ತಾನಲ್ಲ, ಇದಕ್ಕಿಂತ ಚಲೋ ಖರ್ಚು ಇಲ್ಲ. ಅವನ ಕಡೆ ಪಾಯಿಂಟ್ ಇನ್ನೂ ಹೆಚ್ಚಿದ್ರ ತನಗ ಎಕಾನಮಿ ಇರಲಿ, ನಿಮ್ಮಿಬ್ಬರಿಗೆ ಕಾಲು ಚಾಚಿ ಮಲಗೂ ಬಿಜಿನೆಸ್ ಸೀಟ್ ಒಂದ ದಾರಿಗರೆ ತಗೀಲಿ ಅಂತ ನಾ ಹೇಳ್ತೀನಿ, ರೊಕ್ಕ ಕೊಟ್ಟು ಎಂದೂ ತಗೊಳ್ಳಾಕ ಆಗದ್ದು ಮೈಲ್ಸ್‌ದಾಗ ಆಗ್ತದ.

ಬಾಣಂತನಕ್ಕ ಪಾಯಿಂಟ್ ಟಿಕೆಟ್ ಇನ್ನೊಂದು ಕಾರಣಕ್ಕ ಚಲೋ. ಹೋಗೂದು ಗೊತ್ತಿರ್ತದ, ಬರೂದು ಗೊತ್ತಿರೂದಿಲ್ಲ, ಕೂಸು ಹದಿನೈದು ದಿನ ಮೊದ್ಲ ಬರ್ತದೋ ಆಮ್ಯಾಲ ಬರ್ತದೋ, ಸೊಸಿಗೆ ಇನ್ನೊಂದು ತಿಂಗಳ ಇರ್ರಿ ಅತ್ತಿ ಅನಸ್ತದೋ. ಹೋಗೂ ದಾರಿ, ಬರೂ ದಾರಿ ಬ್ಯಾರೆ ಬ್ಯಾರೆ ಬುಕ್ ಮಾಡಿದ್ರ ಒಂದರ ತಾರೀಖು ಬದಲಿ ಮಾಡಿದ್ರ ಇನ್ನೊಂದಕ್ಕ ಧಕ್ಕಿ ಇಲ್ಲ. ಆದ್ರ ಬರೂ ಟಿಕೆಟ್ ಕೈಯಾಗ ಇಟ್ಕೊಂಡನ ಹೋಗ್ರಿ, ಅಲ್ಲಿ ಇಳಿದಾಗ ಯಾವಾಗ ಹೊಳ್ಳಿ ಹೋಗ್ತೀರಿ ಅಂತ ಕೇಳ್ತಾರ.

ಹೆಸರು ಭಾಳ ಮುಖ್ಯ ನೋಡ್ರಿ. ನಮ್ಮ ಕಡೆ ಹೆಣ್ಮಕ್ಕಳ ಹೆಸರು ತವರಮನ್ಯಾಗ ಒಂದು, ಗಂಡನಮನ್ಯಾಗ ಒಂದು, ಆಧಾರ್‌ನ್ಯಾಗ ಅಡ್ಡಹೆಸರು ಮೊದ್ಲ, ಪಾಸ್‌ಪೋರ್ಟ್‌ನ್ಯಾಗ ಕೊನಿಗೆ. ಕೆಲವರ ಪಾಸ್‌ಪೋರ್ಟ್‌ನ್ಯಾಗ ಸರ್‌ನೇಮ್ ಜಾಗ ಖಾಲಿನ ಇರ್ತದ, ಅವರ ಅಮೆರಿಕಾ ವೀಸಾದಾಗ ಮೊದಲ ಹೆಸರಿನ ಜಾಗಕ್ಕ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ) ಅಂತ ಬಂದಿರ್ತದ. ಟಿಕೆಟ್ ಪಾಸ್‌ಪೋರ್ಟ್ ಇದ್ದಂಗ ಇರಬೇಕು, ಮಗಗ ಫೋನ್‌ದಾಗ ಹೆಸರು ಹೇಳಬ್ಯಾಡ್ರಿ, ಪಾಸ್‌ಪೋರ್ಟಿನ ಫೋಟೋ ಕಳಸ್ರಿ, ಅದನ್ನ ನೋಡಿ ಒಂದೊಂದ ಅಕ್ಷರ ಅವ ಟೈಪ್ ಮಾಡಲಿ. ವ್ಹೀಲ್‌ಚೇರ್ ಬುಕಿಂಗ್ ದಿನಾನ ಹೇಳಿ ಹಾಕಸ್ರಿ, ಅದಕ್ಕ ರೊಕ್ಕ ಇಲ್ಲ. ನಡಿಯಾಕ ಬರ್ತದ ಅಂತ ಬಿಡಬ್ಯಾಡ್ರಿ, ದೋಹಾ, ಫ್ರಾಂಕ್‌ಫರ್ಟ್‌ನಂಥ ಕಡೆ ಒಂದು ಗೇಟಿಂದ ಇನ್ನೊಂದಕ್ಕ ಭಾಳ ದೂರ ಇರ್ತದ, ತಳ್ಳೋರು ನಿಮ್ಮನ್ನ ಕರಕ್ಕೊಂಡ ಹೋಗಿ ಗೇಟಿಗೆ ಮುಟ್ಟಸ್ತಾರ, ಭಾಷಾ ಬರೂದಿಲ್ಲ ಅನ್ನೂ ಹೆದರಿಕಿನೂ ಹೋಗ್ತದ.

ಗೋಕಾಕದಿಂದ ಬೆಂಗಳೂರು ಅನ್ನೂದ ಖರೇ ತ್ರಾಸು. ಪಾಯಿಂಟ್ ಟಿಕೆಟ್ ಬೆಂಗಳೂರಿಂದ ಶುರು ಆಗ್ತದ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ತಗೊಂಡ ಟಿಕೆಟ್ ಬ್ಯಾರೆ. ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ, ಸಾಂಬ್ರಾದಾಗ ವಿಮಾನ ತಡಾ ಆಗಿ ನೀವು ಬೆಂಗಳೂರಿನ ವಿಮಾನ ತಪ್ಪಿಸ್ಕೊಂಡ್ರ ದೊಡ್ಡ ಏರ್‌ಲೈನ್ ಕೇಳೂದಿಲ್ಲ. ಸಾಮಾನೂ ಹಂಗ. ಅಮೆರಿಕಾಕ್ಕ ಬಹಳ ಕಂಪನಿ 23 ಕೆಜಿದು ಎರಡೆರಡು ಬ್ಯಾಗ್ ಬಿಡ್ತಾವ, ಇಂಡಿಗೋ ದೇಶದೊಳಗ ಬಿಡೂದು 15 ಕೆಜಿ. ಬಾಣಂತಿಗೆ ಅಂಟಿನುಂಡಿ, ಶೇಂಗಾಚಟ್ನಿ, ಕಟಕ್ ರೊಟ್ಟಿ, ಗೋಕಾಕದವರು ಅಂದ ಮ್ಯಾಲ ಕರದಂಟು ಬಿಡೂದುಂಟೇನು, ಅಷ್ಟೂ ಕಟ್ಕೊಂಡು ಸಾಂಬ್ರಾದಾಗ ನಿಂತ್ರ ಹೆಚ್ಚಿನ ತೂಕಕ್ಕ ಕೆಜಿ ಲೆಕ್ಕದಾಗ ರೊಕ್ಕ ಕಟ್ಟಬೇಕು. ಅದಕ್ಕ ನನ್ನ ಮಾತು ಕೇಳ್ರಿ, ರೈಲಿಗೆ ಹೋಗ್ರಿ. 2025ರ ಆಗಸ್ಟ್ 10ಕ್ಕ ಶುರು ಆದ ವಂದೇ ಭಾರತ್ ಬೆಳಗಾವಿಯಿಂದ ಬೆಳಗ್ಗೆ ಬಿಟ್ಟು ಮಧ್ಯಾಹ್ನಕ್ಕ ಬೆಂಗಳೂರು ಮುಟ್ಟಸ್ತದ, ರಾತ್ರಿ ರಾಣಿ ಚೆನ್ನಮ್ಮ ಇದ್ದ ಐತಿ. ವಿಜಯಪುರ ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್. ಬೆಂಗಳೂರಾಗ ಒಂದು ರಾತ್ರಿ ಯಾರರೆ ಬೀಗರ ಮನ್ಯಾಗ ಮಲಗ್ರಿ, ಮರುದಿನ ಸಮಾಧಾನಲೆ ದೇವನಹಳ್ಳಿಗೆ ಹೋಗ್ರಿ, ಸ್ಟೇಷನ್‌ನಿಂದ ಅದೂ ಮೂವತ್ತೈದು ಕಿಲೋಮೀಟರ್ ಹತ್ರ ಆಗ್ತದ.

ಪ್ರಶ್ನೆ: ಒಬ್ಬ ಏಜೆಂಟ್ ಅರ್ಧಾ ರೇಟಿಗೆ ಆಸ್ಟ್ರೇಲಿಯಾ ಟಿಕೆಟ್ ಕೊಡ್ತೀನಿ ಅಂತಾನ, ಬ್ಯಾರೇಯವರ ಮೈಲ್ಸ್‌ದಾಗ ತಗೀತಾನಂತ. ನಡೀತದೇನ್ರಿ? — ಚಿಕ್ಕೋಡಿ

ಉತ್ತರ: ಬ್ಯಾಡ. ಮೈಲ್ಸ್ ಮಾರೂದು ಕೊಳ್ಳೂದು ಏರ್‌ಲೈನ್‌ಗಳ ನಿಯಮದಾಗ ಇಲ್ಲ, ಗೊತ್ತಾತಂದ್ರ ಆ ಅಕೌಂಟ್ ಮುಚ್ಚಿ ಟಿಕೆಟ್ ರದ್ದು ಮಾಡ್ತಾರ, ನೀವು ಸಿಡ್ನಿಯೊಳಗ ಇದ್ದಾಗ ಬರೂ ಟಿಕೆಟ್ ರದ್ದಾದ್ರ ಹುಡುಗರನ್ನ ಕಟ್ಕೊಂಡು ಏನ್ ಮಾಡ್ತೀರಿ? ಕದ್ದ ಅಕೌಂಟಿನ ಮೈಲ್ಸ್ ಆಗಿದ್ರ ಇನ್ನೂ ಕೆಟ್ಟದ್ದು. ಹಂಗ ನಿಮ್ಮ ಅಕೌಂಟಿನ ಪಾಸ್‌ವರ್ಡು, ಓಟಿಪಿ ಯಾರಿಗೂ ಕೊಡಬ್ಯಾಡ್ರಿ, ಬ್ಯಾಂಕಿನ ರೊಕ್ಕ ಹೋದಂಗ ಇವೂ ಹೋಗ್ತಾವ.

ಪ್ರಶ್ನೆ: ಎರಡು ತಿಂಗಳ ಹಿಂದ ದುಬೈ ಮ್ಯಾಲ ಹಾಯ್ದು ಹೋಗಿ ಬಂದೀವಿ, ಮೈಲ್ಸ್ ನಂಬರ್ ಕೊಡೂದ ಮರ್ತಿದ್ವಿ. ಈಗ ಬರ್ತಾವೇನು? — ಹಿಂಡಲಗಾ, ಬೆಳಗಾವಿ

ಉತ್ತರ: ಬರ್ತಾವ, ತಡಾ ಮಾಡಬ್ಯಾಡ್ರಿ. ಹೋಗಿ ಬಂದ ಮ್ಯಾಲ ಕೇಳಾಕ ಬಹಳ ಏರ್‌ಲೈನ್‌ದಾಗ ಕೆಲವು ತಿಂಗಳ ಟೈಮ್ ಕೊಟ್ಟಿರ್ತಾರ. ವೆಬ್‌ಸೈಟ್‌ನ್ಯಾಗ ಮಿಸ್ಸಿಂಗ್ ಮೈಲ್ಸ್ ಅಂತ ಇರ್ತದ, ಅಲ್ಲಿ ಇ-ಟಿಕೆಟ್ ನಂಬರ್ ಹಾಕಬೇಕು, 13 ಅಂಕಿ ಇರ್ತದ, ಪಿಎನ್ಆರ್ ಅಲ್ಲ ಅದು. ಒಬ್ಬೊಬ್ಬರಿಗೂ ಬ್ಯಾರೆ ನಂಬರ್, ಹೋಗೂದು ಬರೂದು ಎರಡೂ ನೋಡಿ ಹಾಕ್ರಿ. ಬೋರ್ಡಿಂಗ್ ಪಾಸ್ ಕೇಳಿದ್ರ ಕೊಡಬೇಕಾಗ್ತದ, ಬ್ಯಾಗಿನ ಬಗಲಚೀಲದಾಗ, ಪಾಸ್‌ಪೋರ್ಟಿನ ಹಾಳಿ ನಡುವ ಸಿಕ್ಕೊಂಡಿರ್ತಾವ, ಇವತ್ತ ಹುಡುಕಿ ಫೋಟೋ ತಗದಿಡ್ರಿ.